ಕೋಲಾರದ ಗಣಿ, ಕಾವೇರಿಯ ಕರೆಂಟು, ಕನ್ನಂಬಾಡಿ ಕಟ್ಟೆ

(ಉಪನ್ಯಾಸದ ಬರಹ ರೂಪ)

ಮೈಸೂರು ಸಂಸ್ಥಾನದ ಚರಿತ್ರೆಯಲ್ಲಿ ನೆನಪಿಡಬೇಕಾದ ದಿನಗಳು ಯಾವುವು ಎಂದು ಕೇಳಿದರೆ ಎರಡು ತಾರೀಖು ತಪ್ಪದೆ ಬರುತ್ತವೆ. 1902ರ ಜೂನ್ 30, ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಶುರುವಾದ ದಿನ. 1905ರ ಆಗಸ್ಟ್ 5, ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಹೊತ್ತಿದ ದಿನ. ಹೇಳುವವರು ಜೊತೆಗೆ ‘ಏಷ್ಯಾದಲ್ಲೇ ಮೊದಲು’ ಎಂದು ಸೇರಿಸದೆ ಬಿಡುವುದಿಲ್ಲ.

ಮೊದಲು ಈ ‘ಮೊದಲು’ ಎಂಬ ಮಾತನ್ನು ಪಕ್ಕಕ್ಕಿಡೋಣ. ಜಪಾನಿನ ಕ್ಯೋಟೊದಲ್ಲಿ 1891ರಲ್ಲೇ ಜಲವಿದ್ಯುತ್ ಕೇಂದ್ರವಿತ್ತು. ನಮ್ಮ ದೇಶದಲ್ಲೇ ಡಾರ್ಜಿಲಿಂಗ್ ಬಳಿಯ ಸಿದ್ರಾಪೊಂಗ್‌ನಲ್ಲಿ 1897ರಲ್ಲಿ ಚಿಕ್ಕದೊಂದು ಕೇಂದ್ರ ಕೆಲಸ ಶುರುಮಾಡಿತ್ತು. ಕಲ್ಕತ್ತಾಕ್ಕೆ 1899ರಲ್ಲಿ ಉಗಿಯಂತ್ರದ ಕರೆಂಟು ಬಂದಿತ್ತು. ಶಿವನಸಮುದ್ರದಿಂದ ಕೋಲಾರಕ್ಕೆ ಎಳೆದ ತಂತಿ ಪ್ರಪಂಚದಲ್ಲೇ ಉದ್ದದ್ದು ಎಂಬ ಮಾತೂ ನಿಲ್ಲುವುದಿಲ್ಲ. ಅದು 92 ಮೈಲಿ. ಒಂದು ವರ್ಷ ಮುಂಚೆಯೇ ಕ್ಯಾಲಿಫೋರ್ನಿಯಾದಲ್ಲಿ ಕೋಲ್ಗೇಟ್‌ನಿಂದ ಓಕ್‌ಲ್ಯಾಂಡಿಗೆ 140 ಮೈಲಿ ಮೀರಿದ ಮಾರ್ಗ ಕೆಲಸ ಮಾಡುತ್ತಿತ್ತು.

ಹಾಗಾದರೆ ಶಿವನಸಮುದ್ರದ ಹೆಚ್ಚುಗಾರಿಕೆ ಏನು? ಅಲ್ಲಿನ ಕರೆಂಟು ಹುಟ್ಟುವ ಮುಂಚೆಯೇ ಅದರ ಗಿರಾಕಿ ಗೊತ್ತಾಗಿತ್ತು. ಆ ಗಿರಾಕಿ ಬೆಂಗಳೂರಲ್ಲ, ಮೈಸೂರೂ ಅಲ್ಲ. ಕೋಲಾರದ ಚಿನ್ನದ ಗಣಿ. ಗಣಿಗೆ ವರ್ಷವಿಡೀ ನಿಲ್ಲದ ಕರೆಂಟು ಬೇಕಿತ್ತು, ಬೇಸಿಗೆಯಲ್ಲಿ ಕಾವೇರಿ ಅದನ್ನು ಕೊಡುತ್ತಿರಲಿಲ್ಲ. ಕನ್ನಂಬಾಡಿ ಕಟ್ಟೆಗೆ ಆತುರ ಹುಟ್ಟಿದ್ದು ಇಲ್ಲಿಂದ. ಮದ್ರಾಸಿನ ಜೊತೆಗಿನ ಜಗಳ ಕಾವೇರಿದ್ದು ಆ ಕಟ್ಟೆಯಿಂದ. ನಾವು ಬೇರೆ ಬೇರೆ ಅಧ್ಯಾಯಗಳಲ್ಲಿ ಓದುವ ಚಿನ್ನ, ದೀಪ, ಅಣೆಕಟ್ಟು, ಜಲವಿವಾದ ಇವೆಲ್ಲ ಒಂದೇ ದಾರದಲ್ಲಿ ಪೋಣಿಸಿದವು. ಇವತ್ತಿನ ಮಾತು ಆ ದಾರದ ಬಗ್ಗೆ.

ಗಣಿಯ ಹಸಿವು

ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರಕ್ಕೆ ಕಾಲಿಟ್ಟದ್ದು 1880ರಲ್ಲಿ. ಮೈಸೂರು ಮೈನ್, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂದು ಒಂದರ ಪಕ್ಕ ಒಂದು ಗಣಿ ಎದ್ದವು. ಇಲ್ಲಿನ ಚಿನ್ನ ಹೊಳೆಯ ಮರಳಿನಲ್ಲಿ ಸಿಗುವ ಚಿನ್ನವಲ್ಲ. ಬೆಣಚುಕಲ್ಲಿನ ಪದರದೊಳಗೆ ಕಣ್ಣಿಗೆ ಕಾಣದಷ್ಟು ನುಣುಪಾಗಿ ಹಂಚಿಹೋದದ್ದು. ಕಲ್ಲನ್ನು ಸಿಡಿಸಿ, ಮೇಲಕ್ಕೆ ಎಳೆದು, ಸ್ಟ್ಯಾಂಪ್ ಮಿಲ್ಲಿನಲ್ಲಿ ಕುಟ್ಟಿ ಪುಡಿಮಾಡಿ, ಪಾದರಸಕ್ಕೆ ಹಿಡಿಸಿ, ಉಳಿದ ಪುಡಿಯನ್ನು ಸೈನೈಡ್ ದ್ರಾವಣದಲ್ಲಿ ನೆನೆಸಿದರೆ ಮಾತ್ರ ಚಿನ್ನ ಕೈಗೆ ಬರುತ್ತದೆ. ಇವತ್ತು ಕೆಜಿಎಫ್‌ನಲ್ಲಿ ಗುಡ್ಡದಂತೆ ನಿಂತಿರುವ ಸೈನೈಡ್ ದಿಬ್ಬಗಳು ಹೀಗೆ ಕುಟ್ಟಿ ಎಸೆದ ಕಲ್ಲಿನ ಪುಡಿ.

ಈ ಕೆಲಸದ ಪ್ರತಿ ಹಂತಕ್ಕೂ ಶಕ್ತಿ ಬೇಕು. ಅದರಲ್ಲೂ ಎರಡು ಬಗೆ ಉಂಟು. ಗಣಿಯ ಬಾವಿಯಿಂದ ತೊಟ್ಟಿಲು ಮೇಲೆತ್ತುವ ಯಂತ್ರ ಓಡುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ. ಶುರುವಾಗುವ ಕ್ಷಣದಲ್ಲಿ ಭಾರಿ ಶಕ್ತಿ ಎಳೆಯುತ್ತದೆ. ಕುಟ್ಟುವ ಮಿಲ್ಲಾದರೋ ಹಗಲು ರಾತ್ರಿ ಒಂದೇ ಸಮನೆ ಕುಟ್ಟುತ್ತಿರುತ್ತದೆ. ವಿದ್ಯುತ್ ಕೇಂದ್ರಕ್ಕೆ ಇಂಥ ಒಂದೇ ಸಮನಾದ ಹೊರೆಯೇ ಅಚ್ಚುಮೆಚ್ಚು. ಬರೀ ಬೀದಿ ದೀಪವನ್ನೇ ನಂಬಿದರೆ ಸಂಜೆ ಆರರಿಂದ ಬೆಳಗಿನವರೆಗೆ ಮಾತ್ರ ಕೆಲಸ, ಹಗಲೆಲ್ಲ ಯಂತ್ರ ಸುಮ್ಮನೆ ಕೂತಿರಬೇಕು.

ಕರೆಂಟಿಗೆ ಮುಂಚೆ ಗಣಿಗಳೆಲ್ಲ ಉಗಿಯಂತ್ರದ ಮೇಲೆ ನಡೆಯುತ್ತಿದ್ದವು. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲಿಲ್ಲ, ಹೊರಗಿನಿಂದ ರೈಲಿನಲ್ಲಿ ಬರಬೇಕು. ಬೌರಿಂಗ್‌ಪೇಟೆ, ಅಂದರೆ ಈಗಿನ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಹತ್ತು ಮೈಲಿಯ ಕವಲು ದಾರಿ 1894ರಲ್ಲಿ ಬಂತು. ಸೌದೆಗೆ ಸುತ್ತಲ ಕಾಡು ಕಡಿದು ಕಡಿದು ದೂರ ಸರಿಯಿತು. ಗಣಿ ಆಳವಾದಂತೆ ಖರ್ಚು ಏರಿತು. ಸಂಸ್ಥಾನಕ್ಕೂ ಇದರಲ್ಲಿ ಪಾಲಿತ್ತು. ತೆಗೆದ ಚಿನ್ನದ ಮೇಲೆ ಶೇ. 5ರಷ್ಟು ರಾಜಧನ ಬರುತ್ತಿತ್ತು. ಗಣಿ ಕುಂಟಿದರೆ ಖಜಾನೆಯೂ ಕುಂಟುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಲೆಕ್ಕದ ಮನುಷ್ಯ. ಇದು ಅವರಿಗೆ ಹೊಳೆಯದೆ ಇರಲಿಲ್ಲ.

ಒಂದು ಕ್ಯುಸೆಕ್ ನೀರಿಗೆ ಎಷ್ಟು ಅಶ್ವಶಕ್ತಿ?

ಶಿವನಸಮುದ್ರದಲ್ಲಿ ಕಾವೇರಿ ಎರಡಾಗಿ ಒಡೆದು ಗಗನಚುಕ್ಕಿ, ಭರಚುಕ್ಕಿಯಾಗಿ ಧುಮುಕುತ್ತದೆ. ಜಲಪಾತದ ನೀರನ್ನೇ ಯಂತ್ರದ ಮೇಲೆ ಬೀಳಿಸುತ್ತಾರೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ. ಮೇಲುಗಡೆ ನದಿಗೆ ಅಡ್ಡಲಾಗಿ ತಗ್ಗಿನ ಕಟ್ಟೆ ಹಾಕಿ, ನೀರನ್ನು ನಾಲೆಗೆ ತಿರುಗಿಸಿ, ಕಣಿವೆಯ ಅಂಚಿನವರೆಗೆ ಹೆಚ್ಚು ಇಳಿಜಾರಿಲ್ಲದೆ ತರುತ್ತಾರೆ. ಅಲ್ಲಿ ಒಂದು ತೊಟ್ಟಿ. ಆ ತೊಟ್ಟಿಯಿಂದ ಉಕ್ಕಿನ ಕೊಳವೆಗಳು ಕಡಿದಾದ ದಿಬ್ಬ ಇಳಿದು ಕೆಳಗಿನ ಪವರ್ ಹೌಸಿಗೆ ಹೋಗುತ್ತವೆ. ಆ ಜಾಗ ಊರಿನವರ ಬಾಯಲ್ಲಿ ಈಗಲೂ ‘ಬ್ಲಫ್’.

ತೊಟ್ಟಿ ಇಟ್ಟದ್ದು ಬರೀ ನೀರು ನಿಲ್ಲಲಿಕ್ಕಲ್ಲ. ಮಳೆಗಾಲದ ಕೆಂಪು ನೀರಿನ ಮರಳು ಅಲ್ಲಿ ತಳ ಸೇರಬೇಕು. ಮರಳಿನ ಸಮೇತ ನೀರು ರಭಸದಿಂದ ಹೊಡೆದರೆ ಟರ್ಬೈನಿನ ಲೋಹ ಸವೆದು ಅಂಚು ಹರಿದುಹೋಗುತ್ತದೆ. ಎಲೆ, ಕಡ್ಡಿ ತಡೆಯಲು ಕಬ್ಬಿಣದ ಜಾಲರಿ ಇರುತ್ತದೆ. ಅದನ್ನು ಆಗಾಗ ಕೆರೆದು ತೆಗೆಯದಿದ್ದರೆ ನೀರು ಕಟ್ಟಿಕೊಂಡು ಯಂತ್ರದ ವೇಗ ತಗ್ಗುತ್ತದೆ. ಇನ್ನೊಂದು ಅಪಾಯ ಕೊಳವೆಯದು. ಕೆಳಗಿನ ಬಾಗಿಲನ್ನು ದಿಢೀರನೆ ಮುಚ್ಚಿದರೆ ಓಡಿಬರುವ ನೀರಿನ ಕಂಬ ಸುತ್ತಿಗೆಯಂತೆ ಬಡಿದು ಕೊಳವೆಯನ್ನೇ ಸೀಳಬಲ್ಲದು. ಆದ್ದರಿಂದ ಹೊರೆ ಥಟ್ಟನೆ ಕಡಿಮೆಯಾದರೂ ನೀರನ್ನು ನಿಧಾನವಾಗಿಯೇ ನಿಲ್ಲಿಸಬೇಕು.

ಈಗ ಲೆಕ್ಕ. ನೀರು ಬೀಳುವ ಎತ್ತರ ಸುಮಾರು 400 ಅಡಿ. ಒಂದು ಘನ ಅಡಿ ನೀರಿನ ತೂಕ 62.4 ಪೌಂಡು. ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಒಂದು ಕ್ಯುಸೆಕ್, 400 ಅಡಿ ಇಳಿದರೆ 62.4ನ್ನು 400ರಿಂದ ಗುಣಿಸಿ 550ರಿಂದ ಭಾಗಿಸಬೇಕು (ಸೆಕೆಂಡಿಗೆ 550 ಅಡಿ-ಪೌಂಡು ಕೆಲಸವೇ ಒಂದು ಅಶ್ವಶಕ್ತಿ). ಬರುವುದು 45 ಅಶ್ವಶಕ್ತಿ. ಕೊಳವೆಯ ತಿಕ್ಕಾಟ, ಟರ್ಬೈನಿನ ನಷ್ಟ ಕಳೆದರೆ ಸುಮಾರು 35 ಉಳಿಯುತ್ತದೆ. ಒಂದು ಕ್ಯುಸೆಕ್‌ಗೆ 35 ಅಶ್ವಶಕ್ತಿ. ಈ ಒಂದು ಸಂಖ್ಯೆಯನ್ನು ತಲೆಯಲ್ಲಿಟ್ಟುಕೊಳ್ಳಿ, ಮುಂದೆ ಕನ್ನಂಬಾಡಿಯಲ್ಲಿ ಮತ್ತೆ ಬೇಕಾಗುತ್ತದೆ.

ಮೊದಲ ಹಂತದಲ್ಲಿ ಕೂರಿಸಿದ್ದು 720 ಕಿಲೋವ್ಯಾಟಿನ ಆರು ಜನರೇಟರು, ಒಟ್ಟು 4,320 ಕಿಲೋವ್ಯಾಟ್. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವು, ಟರ್ಬೈನು ಸ್ವಿಟ್ಜರ್ಲೆಂಡಿನ ಎಶರ್ ವಿಸ್‌ನದು. ಗಣಿಗಳಿಗೆ ಸುಮಾರು 4,000 ಅಶ್ವಶಕ್ತಿ ಮುಟ್ಟಿಸಬೇಕಿತ್ತು, ಎಂದರೆ ಹತ್ತಿರ ಹತ್ತಿರ 3,000 ಕಿಲೋವ್ಯಾಟ್. ಆರು ಯಂತ್ರದಲ್ಲಿ ಒಂದನ್ನು ರಿಪೇರಿಗೆ ಬಿಟ್ಟು ಐದನ್ನೇ ಓಡಿಸಿದರೂ 3,600 ಆಗುತ್ತದೆ. ದಾರಿಯಲ್ಲಿ ಆರರಲ್ಲೊಂದು ಪಾಲು ಸೋರಿದರೂ ಮಾತು ಉಳಿಯುತ್ತದೆ. ಆರೂ ಓಡಿದಾಗ ಬೇಕಾದ ನೀರು 170ರಿಂದ 180 ಕ್ಯುಸೆಕ್. ಪ್ರವಾಹದ ದಿನಗಳಲ್ಲಿ ಲಕ್ಷ ಕ್ಯುಸೆಕ್ ಮೀರಿ ಹರಿಯುವ ಕಾವೇರಿಗೆ ಇದು ಲೆಕ್ಕಕ್ಕೇ ಇಲ್ಲ. ತೊಡಕಿದ್ದದ್ದು ಮಾರ್ಚ್, ಏಪ್ರಿಲ್‌ನಲ್ಲಿ.

ಕೆಲಸದ ಹೊಣೆ ಹೊತ್ತವರು ಸಂಸ್ಥಾನದ ಎಂಜಿನಿಯರ್ ಕ್ಯಾಪ್ಟನ್ ಡಿ ಲಾಟ್‌ಬಿನಿಯೆರ್. ಶೇಷಾದ್ರಿ ಅಯ್ಯರ್ ಈ ಎಂಜಿನಿಯರನ್ನು ಯುರೋಪ್, ಅಮೆರಿಕಕ್ಕೆ ಕಳಿಸಿ ಯಂತ್ರ ನೋಡಿಸಿದರು. ಆದರೆ ದಿವಾನರಿಗೆ ಈ ಕರೆಂಟು ನೋಡುವ ಯೋಗ ಇರಲಿಲ್ಲ. 1901ರಲ್ಲಿ ಹುದ್ದೆ ಬಿಟ್ಟು, ಅದೇ ವರ್ಷ ತೀರಿಕೊಂಡರು. ಕರೆಂಟು ಹರಿದಾಗ ದಿವಾನರು ಪಿ. ಎನ್. ಕೃಷ್ಣಮೂರ್ತಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಪೂರ್ಣ ಅಧಿಕಾರ ವಹಿಸಿಕೊಂಡದ್ದು ಅದಾದ ಒಂದು ತಿಂಗಳ ಮೇಲೆ, 1902ರ ಆಗಸ್ಟ್ 8ರಂದು. ಅಲ್ಲಿಯವರೆಗೆ ರಾಜ್ಯಭಾರ ಅವರ ತಾಯಿ, ವಾಣಿವಿಲಾಸ ಸನ್ನಿಧಾನದ ಕೆಂಪನಂಜಮ್ಮಣ್ಣಿಯವರದು. ಬಹಳ ಪುಸ್ತಕಗಳು ಶಿವನಸಮುದ್ರವನ್ನು ನಾಲ್ವಡಿಯವರ ಲೆಕ್ಕಕ್ಕೆ ಬರೆದುಬಿಡುತ್ತವೆ. ಅದು ರಾಜಮಾತೆಯ ಆಡಳಿತದ ಕೆಲಸ.

92 ಮೈಲಿಯ ತಂತಿ

ಕರೆಂಟನ್ನು ಅಷ್ಟು ದೂರ ಒಯ್ಯುವುದಕ್ಕೆ 35,000 ವೋಲ್ಟ್ ಬಳಸಿದರು. ಏಕೆ ಅಷ್ಟು? 3,000 ಕಿಲೋವ್ಯಾಟನ್ನು ಮೂರು ಫೇಸಿನಲ್ಲಿ 35,000 ವೋಲ್ಟಿಗೆ ಕಳಿಸಿದರೆ ತಂತಿಯಲ್ಲಿ ಹರಿಯುವುದು ಸುಮಾರು 50 ಆಂಪಿಯರ್. ಅದನ್ನೇ 2,200 ವೋಲ್ಟಿಗೆ ಕಳಿಸಿದರೆ 800 ಆಂಪಿಯರ್ ಹತ್ತಿರ ಬೇಕು. ಬಿಸಿಯಾಗಿ ಹಾಳಾಗುವ ಶಕ್ತಿ ಆಂಪಿಯರಿನ ವರ್ಗದಷ್ಟು. ಆಂಪಿಯರ್ ಹದಿನಾರು ಪಟ್ಟು ಆದರೆ ನಷ್ಟ 250 ಪಟ್ಟು. ಅದನ್ನು ತಡೆಯುವಷ್ಟು ದಪ್ಪ ತಾಮ್ರ ಹಾಕಲು ಹೊರಟರೆ ಗಣಿಯ ಚಿನ್ನವೆಲ್ಲ ತಾಮ್ರಕ್ಕೇ ಆಗುತ್ತಿತ್ತು.

ವೋಲ್ಟೇಜನ್ನು ಮನಸ್ಸಿಗೆ ಬಂದಷ್ಟು ಏರಿಸುವಂತೆಯೂ ಇರಲಿಲ್ಲ. ಇವತ್ತು ದೊಡ್ಡ ಟವರುಗಳಲ್ಲಿ ಕಾಣುವ, ತಟ್ಟೆ ತಟ್ಟೆಯಾಗಿ ತೂಗುವ ಪಿಂಗಾಣಿ ಸರ ಆಗಿನ್ನೂ ಬಂದಿರಲಿಲ್ಲ. ಗೂಟದ ಮೇಲೆ ಕೂರಿಸುವ ಪಿಂಗಾಣಿ ಟೋಪಿಗಳೇ ಗತಿ. ಅವಕ್ಕೆ ದೂಳು ಕೂತು, ಮೇಲೆ ಮೊದಲ ಮಳೆಯ ತುಂತುರು ಬಿದ್ದರೆ ಕರೆಂಟು ಮೇಲ್ಮೈಯಲ್ಲೇ ಹರಿದು ಕಿಡಿ ಹಾರುತ್ತದೆ. ನಮ್ಮ ಬಯಲುಸೀಮೆಯ ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು ಇಂಥ ಮಾರ್ಗಕ್ಕೆ ಕಡುವೈರಿ. ಒಂದು ಮಾರ್ಗ ಕೆಟ್ಟರೆ ಇನ್ನೊಂದು ಇರಲೆಂದು ಎರಡು ಸಾಲು ತಂತಿ ಎಳೆಯಬೇಕಾದದ್ದು ಇದಕ್ಕೆ.

ಇನ್ನೊಂದು ಸಣ್ಣ ಸಂಗತಿ, ಆದರೆ ಬಹಳ ಕಾಲ ಕಾಡಿದ್ದು. ಶಿವನಸಮುದ್ರದ ಕರೆಂಟು ಸೆಕೆಂಡಿಗೆ 25 ಆವರ್ತದ್ದು, ಅಂದರೆ ಸೆಕೆಂಡಿಗೆ 25 ಸಲ ಹಿಂದೆ ಮುಂದೆ ಆಡುವಂಥದ್ದು. ನಯಾಗರಾದಲ್ಲೂ ಅದೇ ಇತ್ತು. ನಿಧಾನವಾಗಿ ತಿರುಗುವ ದೊಡ್ಡ ಮೋಟರುಗಳಿಗೆ, ಉದ್ದನೆಯ ಮಾರ್ಗಕ್ಕೆ 25 ಅನುಕೂಲ. ಗಣಿಗೆ ಹೇಳಿ ಮಾಡಿಸಿದ್ದು. ದೀಪಕ್ಕೆ ಮಾತ್ರ ಒಗ್ಗದು. ಅಷ್ಟು ಕಡಿಮೆ ಆವರ್ತದಲ್ಲಿ ಬಲ್ಬು ಮಿಣುಕುವುದು ಕಣ್ಣಿಗೆ ಗೊತ್ತಾಗುತ್ತದೆ. ಈ ಕರೆಂಟು ಯಾರಿಗಾಗಿ ಹುಟ್ಟಿತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. 1948ರಲ್ಲಿ ಜೋಗದ ಕರೆಂಟು 50 ಆವರ್ತದಲ್ಲಿ ಬಂತು. ಈ ಎರಡನ್ನು ನೇರವಾಗಿ ಕೂಡಿಸುವಂತಿಲ್ಲ. ಕೂಡಿಸಬೇಕಾದರೆ ನಡುವೆ ಆವರ್ತ ಬದಲಿಸುವ ಯಂತ್ರ ಬೇಕು.

ಬೆಂಗಳೂರಿನ 1905ರ ದೀಪಕ್ಕೆ ಬಂದರೆ, ಗಣಿಗೆ ಕೊಟ್ಟು ಉಳಿದ ಶಕ್ತಿಯಲ್ಲಿ, ಗಣಿಗಾಗಿ ಕಟ್ಟಿದ ಕೇಂದ್ರದಿಂದ ಊರಿಗೆ ಬೆಳಕು ಬಂತು. ಸಂಭ್ರಮದ ಸಂಗತಿಯೇ. ಮೈಸೂರಿಗೆ 1908ರಲ್ಲಿ ಬಂತು.

ಬೇಸಿಗೆಯ ಕೊರತೆ, ಕನ್ನಂಬಾಡಿಯ ಯೋಚನೆ

ಗಣಿಗಳು ಕರೆಂಟಿನ ರುಚಿ ಹತ್ತಿ ಇನ್ನಷ್ಟು ಕೇಳಿದವು. ಎರಡನೆಯ, ಮೂರನೆಯ ಹಂತವಾಗಿ ಯಂತ್ರಗಳು ಸೇರಿದವು. ಆದರೆ ಯಂತ್ರ ಕೂರಿಸಿದ ಮಾತ್ರಕ್ಕೆ ಫೆಬ್ರವರಿಯಿಂದ ಮೇವರೆಗೆ ಹೊಳೆಯಲ್ಲಿ ನೀರು ಹೆಚ್ಚುವುದಿಲ್ಲವಲ್ಲ. ಮಳೆಗಾಲದ ನೀರನ್ನು ಎಲ್ಲಾದರೂ ತಡೆದಿಟ್ಟು ಬೇಸಿಗೆಯಲ್ಲಿ ಬಿಡಬೇಕು. ಹೇಮಾವತಿ ಮತ್ತು ಲಕ್ಷ್ಮಣತೀರ್ಥ ಕಾವೇರಿಯನ್ನು ಸೇರುವಲ್ಲೇ ನೀರು ನಿಲ್ಲುವಂತೆ ಕನ್ನಂಬಾಡಿ ಊರಿನ ಬಳಿ ಜಾಗ ಗೊತ್ತಾಯಿತು. ಎಂ. ವಿಶ್ವೇಶ್ವರಯ್ಯನವರು 1909ರಲ್ಲಿ ಮುಖ್ಯ ಎಂಜಿನಿಯರಾಗಿ ಬಂದರು. 1911ರಲ್ಲಿ ಕೆಲಸ ಶುರುವಾಯಿತು. 1912ರಲ್ಲಿ ಅವರೇ ದಿವಾನರಾದರು.

ಅಡಿಪಾಯ ಅಗೆಯುವಾಗ ಟಿಪ್ಪು ಸುಲ್ತಾನನ ಪರ್ಷಿಯನ್ ಶಾಸನ ಸಿಕ್ಕಿತು. ಅದೇ ಸುತ್ತಿನಲ್ಲಿ ಆತನೂ ಕಟ್ಟೆಗೆ ಕೈ ಹಾಕಿದ್ದ. ಆ ನೀರಿನಿಂದ ಹೊಸದಾಗಿ ಸಾಗುವಳಿ ಮಾಡುವವರಿಗೆ ಸರ್ಕಾರದ ಪಾಲಿನಲ್ಲಿ ಕಾಲು ಭಾಗ ರಿಯಾಯಿತಿ ಎಂದು ಶಾಸನ ಹೇಳುತ್ತದೆ. ಹಳೆಯ ಕಟ್ಟೆಯ ಕನಸು ಗದ್ದೆಯದು. 1911ರ ಕಟ್ಟೆಯ ಆತುರ ಟರ್ಬೈನಿನದು.

ಇದನ್ನು ಲೆಕ್ಕದಿಂದಲೇ ತೋರಿಸಬಹುದು. ಮೊದಲು ಮದ್ರಾಸ್ ಒಪ್ಪಿದ್ದು 11 ಟಿಎಂಸಿ ಸಂಗ್ರಹಕ್ಕೆ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಒಂದು ಕ್ಯುಸೆಕ್ ದಿನವಿಡೀ ಹರಿದರೆ 86,400 ಘನ ಅಡಿ. 11 ಟಿಎಂಸಿಯನ್ನು ಜನವರಿಯಿಂದ ಮೇ ಕೊನೆವರೆಗಿನ 150 ದಿನಕ್ಕೆ ಹಂಚಿದರೆ, ಆವಿಯಾಗುವುದನ್ನು ಬಿಟ್ಟು, ಸುಮಾರು 850 ಕ್ಯುಸೆಕ್. ಆಗಲೇ ಹೇಳಿದ 35ರಿಂದ ಗುಣಿಸಿ: ಸುಮಾರು 30,000 ಅಶ್ವಶಕ್ತಿ. ವಿದ್ಯುತ್ತಿಗೆ ಅದು ಧಾರಾಳ. ಆದರೆ ಲಕ್ಷಾಂತರ ಎಕರೆ ಗದ್ದೆಗೆ 11 ಟಿಎಂಸಿ ಎಲ್ಲಿಗೂ ಸಾಲದು. ಆದ್ದರಿಂದಲೇ ಮೈಸೂರು 41.5 ಟಿಎಂಸಿ ಕೇಳಿತು.

ಅಡಿಪಾಯದಲ್ಲಿ ಹುಟ್ಟಿದ ಜಗಳ

ಇಲ್ಲಿ ಕಟ್ಟಡದ ಶಾಸ್ತ್ರ ಸ್ವಲ್ಪ ಗೊತ್ತಿರಬೇಕು. ಕನ್ನಂಬಾಡಿ ಕಲ್ಲುಗಾರೆಯ ಕಟ್ಟೆ, ತನ್ನ ತೂಕದಿಂದಲೇ ನೀರನ್ನು ತಡೆದು ನಿಲ್ಲಬೇಕು. ನೀರಿನ ಎತ್ತರ ಎರಡು ಪಟ್ಟಾದರೆ ಒತ್ತಡದ ತಳ್ಳು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ತಳದ ಅಗಲ ಎತ್ತರಕ್ಕೆ ತಕ್ಕಂತೆ ಇರಬೇಕು. ತಗ್ಗಿನ ಕಟ್ಟೆಗೆಂದು ಕಿರಿದಾದ ಪಾಯ ಹಾಕಿ, ಆಮೇಲೆ ಎತ್ತರಿಸುತ್ತೇವೆಂದರೆ ಹಳೆ ಗಾರೆಗೂ ಹೊಸ ಗಾರೆಗೂ ಬೆಸುಗೆ ಕೂಡುವುದಿಲ್ಲ, ಆ ಸಂದಿಯಲ್ಲೇ ನೀರು ನುಗ್ಗುತ್ತದೆ. ವಿಶ್ವೇಶ್ವರಯ್ಯನವರು ಒಪ್ಪಿಗೆ ಸಿಕ್ಕಿದ್ದು 11ಕ್ಕಾದರೂ ಪಾಯವನ್ನು 41.5ಕ್ಕೇ ಹಾಕಿಸಿದರು. ಎಂಜಿನಿಯರಿಂಗ್ ಪ್ರಕಾರ ಅದೇ ಸರಿ. ಮದ್ರಾಸಿನವರು ಆ ಪಾಯದಲ್ಲಿ ಮೈಸೂರಿನ ಮನಸ್ಸನ್ನು ಓದಿದರು. ಅವರು ಓದಿದ್ದೂ ತಪ್ಪಲ್ಲ.

ಮದ್ರಾಸಿಗೆ ಆಕ್ಷೇಪಿಸುವ ಹಕ್ಕು ಬಂದದ್ದು 1892ರ ಫೆಬ್ರವರಿ 18ರ ಒಪ್ಪಂದದಿಂದ. ಗೊತ್ತುಪಡಿಸಿದ ನದಿಗಳ ಮೇಲೆ ಮೈಸೂರು ಹೊಸ ನೀರಾವರಿ ಕೆಲಸ ಮಾಡಬೇಕಾದರೆ ಮದ್ರಾಸಿಗೆ ಮೊದಲು ತಿಳಿಸಿ ಒಪ್ಪಿಗೆ ಪಡೆಯಬೇಕು ಎಂದು ಅದು ಕಟ್ಟುಹಾಕಿತ್ತು. ಜಗಳ ಪಂಚಾಯಿತಿಗೆ ಹೋಯಿತು. ಪಂಚರಾದ ಗ್ರಿಫಿನ್ 1914ರಲ್ಲಿ ಕೊಟ್ಟ ತೀರ್ಪು ಮೈಸೂರಿಗೆ ಅನುಕೂಲವಾಗಿತ್ತು, ಭಾರತ ಸರ್ಕಾರ 1916ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಮದ್ರಾಸ್ ಲಂಡನ್ನಿಗೆ ಹೋಯಿತು, 1919ರಲ್ಲಿ ಎಲ್ಲ ಮತ್ತೆ ಮೊದಲಿಗೆ ಬಂತು. ಕೊನೆಗೆ 1924ರ ಫೆಬ್ರವರಿ 18ಕ್ಕೆ ರಾಜಿ. 32 ವರ್ಷ ಬಿಟ್ಟು ಅದೇ ತಾರೀಖು.

ರಾಜಿಯಲ್ಲಿ ಬಳಕೆಯ ಸಂಗ್ರಹ 44.827 ಟಿಎಂಸಿ, ನೀರಿನ ಮಟ್ಟ ನದಿಯ ತಳದಿಂದ 124 ಅಡಿ. ಪ್ರತಿ ಜುಲೈಯಲ್ಲಿ ಪತ್ರಿಕೆಗಳು ಬರೆಯುವ ‘124.80 ಅಡಿ’ಯನ್ನೂ ಹೀಗೆಯೇ ಓದಬೇಕು, ಸಮುದ್ರಮಟ್ಟದಿಂದಲ್ಲ. ಅದನ್ನು ಓದುವಾಗ ಇನ್ನೊಂದು ನೆನಪಿರಲಿ: ಜಲಾಶಯ ಬಟ್ಟಲಿನ ಹಾಗೆ ಮೇಲೆ ಹೋದಂತೆ ಅಗಲವಾಗುತ್ತದೆ. 100 ಅಡಿ ತುಂಬಿತು ಎಂದರೆ ಐದರಲ್ಲಿ ನಾಲ್ಕು ಪಾಲು ತುಂಬಿತೆಂದಲ್ಲ, ಅರ್ಧವೂ ಆಗಿರುವುದಿಲ್ಲ. ಕೊನೆಯ 25 ಅಡಿಯಲ್ಲೇ ಅರ್ಧಕ್ಕಿಂತ ಹೆಚ್ಚು ನೀರು. ಎರಡೂ ಸರ್ಕಾರಗಳು ಅಡಿ ಲೆಕ್ಕದಲ್ಲಿ ಹಟ ಹಿಡಿದದ್ದು ಸುಮ್ಮನಲ್ಲ.

ಮೈಸೂರು ಈ ಕಟ್ಟೆಯ ಕೆಳಗೆ 1,25,000 ಎಕರೆ ಹೊಸ ನೀರಾವರಿ ಮಾಡಬಹುದು, ಮದ್ರಾಸ್ ಮೆಟ್ಟೂರಿನ ಕೆಳಗೆ 3,01,000 ಎಕರೆ ಎಂದಾಯಿತು. ನೀರು ತಡೆಯುವ ನಿಯಮ ಬಿಗಿಯಾಗಿತ್ತು. ತಮಿಳುನಾಡಿನ ಮೇಲಣೆಯಲ್ಲಿ (ಅಪ್ಪರ್ ಅಣೆಕಟ್ಟಿನಲ್ಲಿ) ತಿಂಗಳಿಗಿಷ್ಟು ಎಂದು ಗೊತ್ತುಪಡಿಸಿದ ಮಟ್ಟಕ್ಕೆ ನೀರು ಮುಟ್ಟುವಂತೆ ನೋಡಿಕೊಂಡೇ ಮೈಸೂರು ತನ್ನಲ್ಲಿ ತುಂಬಿಸಿಕೊಳ್ಳಬೇಕು. ಒಳ್ಳೆಯ ಮಳೆಯ ವರ್ಷ ಇದು ಯಾರಿಗೂ ಭಾರವಲ್ಲ. ಮುಂಗಾರು ಕೈಕೊಟ್ಟ ವರ್ಷ ಕೊರತೆಯನ್ನು ಹೇಗೆ ಹಂಚಬೇಕೆಂಬ ಪ್ರಶ್ನೆಗೆ ನಿಯಮದಲ್ಲಿ ಸಮಾಧಾನದ ಉತ್ತರವಿರಲಿಲ್ಲ. ಆಮೇಲಿನ ಜಗಳಗಳೆಲ್ಲ ಅಂಥ ವರ್ಷಗಳ ಮಕ್ಕಳು.

ಸುಣ್ಣ ಮತ್ತು ಸುರ್ಕಿ

ಕನ್ನಂಬಾಡಿಯನ್ನು ಸಿಮೆಂಟಿಲ್ಲದೆ ಕಟ್ಟಿದರು ಎಂದು ಪವಾಡದಂತೆ ಹೇಳುವುದುಂಟು. ಕೆಲಸ ಶುರುವಾದಾಗ ದೇಶದಲ್ಲಿ ಹೇಳಿಕೊಳ್ಳುವಂಥ ಸಿಮೆಂಟ್ ತಯಾರಿಕೆಯೇ ಇರಲಿಲ್ಲ. ಪೋರ್‌ಬಂದರಿನ ಕಾರ್ಖಾನೆ ಉತ್ಪಾದನೆಗೆ ಇಳಿದದ್ದು 1914ರಲ್ಲಿ. ಬಳಸಿದ್ದು ಸುರ್ಕಿ ಗಾರೆ: ಸುಟ್ಟ ಇಟ್ಟಿಗೆಯ ಪುಡಿ, ಸುಣ್ಣ. ಬರೀ ಸುಣ್ಣ ಗಾಳಿಯಿಂದ ಗಟ್ಟಿಯಾಗುವುದರಿಂದ ದಪ್ಪ ಗೋಡೆಯ ಹೊಟ್ಟೆಯೊಳಗೆ ವರ್ಷಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ. ಸುರ್ಕಿ ಸೇರಿದರೆ ನೀರಿನೊಳಗೂ ಬಿಗಿಯುತ್ತದೆ. ಎಲ್ಲ ಗುಟ್ಟೂ ಇಟ್ಟಿಗೆ ಸುಡುವುದರಲ್ಲಿದೆ. ಕಡಿಮೆ ಸುಟ್ಟರೆ ಮಣ್ಣೇ ಉಳಿಯುತ್ತದೆ, ನೀರಿಗೆ ಕರಗುತ್ತದೆ. ಅತಿಯಾಗಿ ಸುಟ್ಟು ಗಾಜಿನಂತಾದರೆ ಸುಣ್ಣದ ಜೊತೆ ಕೂಡುವುದಿಲ್ಲ, ಬರೀ ಮರಳಿನಂತೆ ಇರುತ್ತದೆ. ಹದವಾಗಿ ಸುಟ್ಟದ್ದನ್ನು ನುಣ್ಣಗೆ ಮಾಡಿ, ಸುಣ್ಣದ ಜೊತೆ ಗಾಣದಲ್ಲಿ ಅರೆದು, ಒಣಗಲು ಬಿಡದೆ ಬಳಸಬೇಕು. ಇದು ನಿಧಾನಕ್ಕೆ ಬಿಗಿಯುವ ಗಾರೆ. ಸಿಮೆಂಟಿನ ಹಾಗೆ ಬಿಗಿಯುವಾಗ ಕಾವೇರುವುದಿಲ್ಲ, ಆದ್ದರಿಂದ ದೊಡ್ಡ ಗಾತ್ರದ ಕಟ್ಟೆಯಲ್ಲಿ ಬಿರುಕು ಕಡಿಮೆ. ಬೆಲೆ ಕೊಡಬೇಕಾದದ್ದು ವರ್ಷಗಳಲ್ಲಿ: ಕೆಲಸ 1930ರ ದಶಕದ ಆರಂಭದವರೆಗೆ ನಡೆಯಿತು.

ಕಟ್ಟೆ ಕಟ್ಟಿದ ಮಾತ್ರಕ್ಕೆ ತುಂಬುವುದಿಲ್ಲ ಎನ್ನುವುದಕ್ಕೆ ಇದೇ ಸಂಸ್ಥಾನದಲ್ಲಿ ಇನ್ನೊಂದು ಉದಾಹರಣೆ ಇತ್ತು. ವೇದಾವತಿಗೆ ಮಾರಿಕಣಿವೆಯಲ್ಲಿ 1907ಕ್ಕೆ ಮುಗಿದ ವಾಣಿವಿಲಾಸ ಸಾಗರ 30 ಟಿಎಂಸಿಯದು. ಮಳೆ ಕಡಿಮೆಯ ಸೀಮೆಯ ಹೊಳೆ. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ.

ಕನ್ನಂಬಾಡಿಯ ನೀರು ಇರ್ವಿನ್ ನಾಲೆಯಾಗಿ, ಈಗಿನ ವಿಶ್ವೇಶ್ವರಯ್ಯ ನಾಲೆಯಾಗಿ, ಹುಲಿಕೆರೆಯ ಸುರಂಗ ದಾಟಿ ಮಂಡ್ಯಕ್ಕೆ ಹೋಯಿತು. ಹಿಂದೆಯೇ ಕಬ್ಬು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ, 1939ರ ಜುಲೈ 1ಕ್ಕೆ ಮಂಡ್ಯ ಜಿಲ್ಲೆ. ಗಣಿಗೆಂದು ತಡೆದ ನೀರಿನ ಸುತ್ತ ಒಂದು ಜಿಲ್ಲೆಯೇ ರೂಪುಗೊಂಡಿತು. ಹಳೆಯ ಕನ್ನಂಬಾಡಿ ಊರು ಹಿನ್ನೀರಿನಲ್ಲಿ ಮುಳುಗಿತು, ಕಟ್ಟೆಗೆ ಹೆಸರು ಬಿಟ್ಟು.

ಶಿವನಸಮುದ್ರದ ಕೇಂದ್ರ ಬೆಳೆದು 42 ಮೆಗಾವ್ಯಾಟ್ ಆಯಿತು, ಈಗಲೂ ಇದೆ. ಅದರ ಮೊದಲ ಗಿರಾಕಿ ಇಲ್ಲ. ಕೋಲಾರದ ಗಣಿ ಮೂರು ಕಿಲೋಮೀಟರ್ ಮೀರಿ ಆಳಕ್ಕೆ ಇಳಿದಿತ್ತು. ತಳದಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು. ತಂಪು ಗಾಳಿ ತಳ್ಳಲು, ಒಸರುವ ನೀರು ಎತ್ತಲು ಕರೆಂಟು ಒಂದು ಗಳಿಗೆಯೂ ನಿಲ್ಲುವಂತಿರಲಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಪಂಪುಗಳು ನಿಂತ ಮೇಲೆ ಬಾವಿಗಳಲ್ಲಿ ನೀರು ಏರಿತು.